ಪರದೇಶದಲ್ಲಿ ಪ್ರವಾಸದ ಪಾಠ

ಅರ್ಥಶಾಸ್ತ್ರಕ್ಕೆ ಅನೇಕ ಕವಲುಗಳುಂಟು. ಕೃಷಿ, ಕೈಗಾರಿಕೆ, ಬ್ಯಾಂಕು, ವ್ಯಾಪಾರ ಇವೆಲ್ಲ ನಮ್ಮ ತರಗತಿಗಳಲ್ಲಿ ಕೇಳಿದ ಹೆಸರುಗಳೇ. ಆದರೆ ಪ್ರವಾಸಕ್ಕೂ ಒಂದು ಅರ್ಥಶಾಸ್ತ್ರವಿದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಊರು ನೋಡಲು ಹೋಗುವುದಕ್ಕೆ ಶಾಸ್ತ್ರವೇಕೆ, ಕೈಯಲ್ಲಿ ಕಾಸಿದ್ದರೆ ಸಾಲದೆ? ಈ ಕಾಲೇಜಿನಲ್ಲಿ ಒಂದು ವರ್ಷ ಬಿ.ಎ. ಓದಿ, ಆಮೇಲೆ ಅದೇ ವಿಷಯದ ಪದವಿ ವ್ಯಾಸಂಗಕ್ಕೆಂದು ಬ್ರಿಟನ್ನಿಗೆ ಹೋದ ನನಗೆ ಈ ನಗು ಹೊಸದಲ್ಲ. ನಮ್ಮೂರು ಐರಣಿಯಲ್ಲಿ ಸುದ್ದಿ ಹಬ್ಬಿದಾಗ ಕಾಕಾ ಕೇಳಿದ್ದು ಇಷ್ಟೇ: “ಅಲ್ಲೋ ತಮ್ಮಾ, ಮಂದಿ ನಮ್ಮೂರಿಗೆ ಬರೋದು ಹ್ಯಾಂಗಂತ ಕಲಿಯಾಕ ನೀ ಮಂದಿ ಊರಿಗೆ ಹೋಗಬೇಕೇನು?”

ಪ್ರಶ್ನೆ ತಮಾಷೆಯದು; ಆದರೆ ಅದರ ಹಿಂದೆ ತೂಕವಿತ್ತು. ಹೊಳೆಸಾಲಿನ ನಮ್ಮ ನಾಲ್ಕು ಎಕರೆಯಲ್ಲಿ ಎರಡು ಎಕರೆಯನ್ನು ಅಪ್ಪ ಮಾರಿದ್ದರು. ಸಾಲದ ಹಣಕ್ಕೆ ಬ್ಯಾಂಕಿನವರು ಆಧಾರ ಕೇಳಿದಾಗ ದಾವಣಗೆರೆಯ ಸೋದರಮಾವ ತಮ್ಮ ಮನೆಯ ಕಾಗದಪತ್ರ ತಂದುಕೊಟ್ಟರು. ಬ್ರಿಟನ್ನು ಪರದೇಶದ ವಿದ್ಯಾರ್ಥಿಗಳಿಂದ ಹೆಚ್ಚಿನ ಶುಲ್ಕ ಪಡೆಯತೊಡಗಿದ್ದು 1967ರಲ್ಲಿ. 1980ರಿಂದ ಪಾಠದ ಪೂರ್ಣ ವೆಚ್ಚವನ್ನೇ ಅವರ ಮೇಲೆ ಹೊರಿಸಿತು. ಆ ನೀತಿಯ ಇತಿಹಾಸವನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅಪ್ಪ ಹೊಲದ ಬದುವಿನ ಮೇಲೆ ನಿಂತು ಓದಿದ್ದರು.

ಅಲ್ಲಿ ಕಲಿತ ಮೊದಲ ಪಾಠ, ಪ್ರವಾಸಿ ಯಾರೆಂಬುದು. ಹೋದ ಊರಿನಲ್ಲಿ ಒಂದು ರಾತ್ರಿಯಾದರೂ ತಂಗಿದವನು ಪ್ರವಾಸಿ; ಬೆಳಿಗ್ಗೆ ಬಂದು ಸಂಜೆಗೆ ಮರಳಿದವನು ಬರಿಯ ಹಗಲು ಸಂದರ್ಶಕ. ಒಂದು ರಾತ್ರಿಯ ಅಂತರದಲ್ಲಿ ಅಂಥದೇನಿದೆ ಎಂದು ನನಗೂ ಅನಿಸಿತ್ತು. ಆದರೆ ತಂಗುವವನಿಗೆ ಹಾಸಿಗೆ ಬೇಕು, ಊಟ ಬೇಕು, ಬೆಳಿಗ್ಗೆ ಬಿಸಿನೀರು ಬೇಕು, ದಾರಿ ತೋರಿಸುವವರು ಬೇಕು. ಇವುಗಳಲ್ಲಿ ಒಂದೊಂದೂ ಊರಿನ ಒಬ್ಬೊಬ್ಬರ ಕೈಗೆ ಕೆಲಸ.

ಇದು ಕಣ್ಣಿಗೆ ಬಿದ್ದದ್ದು ವೇಲ್ಸ್ ನಾಡಿನ ಆಂಗ್ಲಸೀ ದ್ವೀಪದಲ್ಲಿ. 1826ರಲ್ಲಿ ಕಟ್ಟಿದ ತೂಗುಸೇತುವೆಯನ್ನು ದಾಟಿದರೆ ಹಸುರು ಹೊಲಗಳು, ಕುರಿಮಂದೆಗಳು, ಇಂಗ್ಲಿಷಿನ ನೆರಳಿನಲ್ಲಿಯೂ ತಮ್ಮ ನುಡಿಯನ್ನು ಬಿಡದ ಜನ. ಅಲ್ಲಿನ ಲಾನ್‌ವೈರ್ ಎಂಬ ಹಳ್ಳಿಗೆ 58 ಅಕ್ಷರಗಳ ಉದ್ದನೆಯ ಹೆಸರಿದೆ. ರೈಲಿನ ಪ್ರಯಾಣಿಕರು ಬೆರಗಾಗಿ ಇಳಿಯಲೆಂದೇ 1860ರ ದಶಕದಲ್ಲಿ ಊರವರು ಈ ಹೆಸರನ್ನು ಹೆಣೆದರಂತೆ. ಉಪಾಯ ಫಲಿಸಿದೆ. ಇಂದಿಗೂ ಜನ ಬರುತ್ತಾರೆ, ಸ್ಟೇಶನ್ನಿನ ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ನೋಡಿದ ದಿನ ಒಂದು ಬಸ್ಸಿನ ಜನರೆಲ್ಲ ಅಷ್ಟು ಮಾಡಿ ಹೊರಟೇಹೋದರು.

ಇದೇ ದ್ವೀಪದ ಲೆಕ್ಕವನ್ನು ಹತ್ತಿರದ ಬ್ಯಾಂಗರಿನ ಅರ್ಥಶಾಸ್ತ್ರಜ್ಞ ಬ್ರಯನ್ ಆರ್ಚರ್ ಅವರು ಕ್ರಿಸ್ಟೀನ್ ಓವನ್ ಅವರೊಡನೆ 1971ರಲ್ಲಿ ಪ್ರಕಟಿಸಿದರು. ಅವರು ಎಣಿಸಿದ್ದು ಬಂದ ತಲೆಗಳನ್ನಲ್ಲ. ಪ್ರವಾಸಿ ಬಿಚ್ಚಿದ ಪ್ರತಿ ಪೌಂಡಿನಲ್ಲಿ ದ್ವೀಪದ ಜನರಿಗೆ ದಕ್ಕಿದ್ದೆಷ್ಟು ಎಂಬುದನ್ನು. ದೊಡ್ಡ ಹೋಟೆಲಿನಲ್ಲಿ ತಂಗಿದವನ ಪೌಂಡಿಗಿಂತ, ಸಾಮಾನ್ಯರ ಮನೆಯಲ್ಲಿ ಹಾಸಿಗೆಯನ್ನೂ ಬೆಳಗಿನ ತಿಂಡಿಯನ್ನೂ ಪಡೆದವನ ಪೌಂಡು ಊರಿನಲ್ಲಿ ಹೆಚ್ಚು ವರಮಾನ ಹುಟ್ಟಿಸುತ್ತಿತ್ತು.

ಕಾರಣ ನನಗೆ ತಿಳಿದದ್ದು ತರಗತಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಪರದೇಶದ ವಿದ್ಯಾರ್ಥಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅಲ್ಲಿ ಅನುಮತಿ ಇದೆ. ನಾನು ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ಟೊಮೇಟೊ ಪೆಟ್ಟಿಗೆಯ ಮೇಲೆ ಸ್ಪೇನಿನ ಹೆಸರು; ಹಾಸಿಗೆಯ ವಸ್ತ್ರಗಳನ್ನು ಒಗೆಯಲು ದೂರದ ನಗರಕ್ಕೆ ಲಾರಿ; ಲಾಭ ಇನ್ನೊಂದು ನಗರದ ಒಡೆಯರಿಗೆ. ಅತಿಥಿ ಕೊಟ್ಟ ಹಣ ಊರನ್ನು ಮುಟ್ಟಿ ಹಾಗೆಯೇ ಹೊರಟುಬಿಡುತ್ತಿತ್ತು. ಶಾಸ್ತ್ರದಲ್ಲಿ ಇದಕ್ಕೆ ಸೋರಿಕೆ ಎಂದು ಹೆಸರು.

ಒಂದು ಊಹೆಯ ಲೆಕ್ಕವನ್ನು ಮಾಡೋಣ. ಪ್ರವಾಸಿ 100 ರೂಪಾಯಿ ಖರ್ಚು ಮಾಡಿದ. 80 ಸೋರಿತು, 20 ಉಳಿಯಿತು. ಆ 20ನ್ನು ಪಡೆದವರು ಖರ್ಚು ಮಾಡುವಾಗಲೂ ಐದರಲ್ಲೊಂದು ಪಾಲು ಮಾತ್ರ ಊರಲ್ಲಿ ಉಳಿದರೆ ಮುಂದೆ 4, ಆಮೇಲೆ 80 ಪೈಸೆ. ಕೊನೆಗೆ ಕೂಡಿದರೆ 25 ರೂಪಾಯಿ. ಉಳಿಯುವ ಪಾಲು ಪ್ರತಿ ಸುತ್ತಿನಲ್ಲಿಯೂ 40 ಆದರೆ? 40, 16, 6.40 ಹೀಗೆ ಸಾಗಿ ಮೊತ್ತ 66 ರೂಪಾಯಿಗೂ ಮಿಕ್ಕುತ್ತದೆ. ಉಳಿಕೆ ಎರಡು ಪಟ್ಟಾದರೆ ಫಲ ಎರಡೂವರೆ ಪಟ್ಟಿಗಿಂತ ಹೆಚ್ಚು. ಅದಕ್ಕಾಗಿ ಒಬ್ಬ ಪ್ರವಾಸಿಯೂ ಹೆಚ್ಚಾಗಿ ಬರಬೇಕಾಗಿಲ್ಲ.

ಈ ಕನ್ನಡಕವನ್ನು ಹಾಕಿಕೊಂಡು ನಮ್ಮ ಸೀಮೆಯನ್ನು ನೋಡಿದೆ. ನಮ್ಮಲ್ಲಿ ನೋಡತಕ್ಕದ್ದು ಕಡಿಮೆಯೇನಿಲ್ಲ. ಚೌಡಯ್ಯದಾನಪುರದಲ್ಲಿ ಹೊಳೆಯ ದಂಡೆಗೆ ಮುಕ್ತೇಶ್ವರ ದೇವಾಲಯ. ಗಳಗನಾಥದಲ್ಲಿ ವರದೆ ತುಂಗಭದ್ರೆಯರ ಸಂಗಮ. ರಾಣೇಬೆನ್ನೂರಿನ ಬಳಿ 1974ರಲ್ಲಿ ಘೋಷಿತವಾದ ಕೃಷ್ಣಮೃಗಗಳ ಅಭಯಾರಣ್ಯ. ಐರಣಿಯಲ್ಲಿ ಹಳೆಯ ಕೋಟೆ ಮತ್ತು ಹೊಳೆಮಠ. ಕಳೆದ ರಜೆಯಲ್ಲಿ ಕೆಲವು ದಿನ ಹೊಳೆಯ ದಾರಿಯಲ್ಲಿ ನಿಂತು ಬಂದವರಿಗೆ ಮೂರು ಪ್ರಶ್ನೆ ಕೇಳಿದೆ: ಯಾವೂರಿನಿಂದ ಬಂದಿರಿ? ಊಟ ಎಲ್ಲಿ? ಇಂದು ರಾತ್ರಿ ವಸತಿ ಎಲ್ಲಿ? ಊಟವನ್ನು ಬುತ್ತಿಯಲ್ಲಿ ಕಟ್ಟಿಕೊಂಡು ಬಂದಿದ್ದವರೇ ಹೆಚ್ಚು. ರಾತ್ರಿ ಐರಣಿಯಲ್ಲಿ ಎಂದವರು ಒಬ್ಬರೂ ಇಲ್ಲ. ನಮ್ಮ ಮನೆಯಲ್ಲಿಯೇ ಒಂದು ಕೋಣೆಯನ್ನು ಅತಿಥಿಗಳಿಗೆ ಕೊಟ್ಟರೆ ಹೇಗೆ ಎಂದಾಗ ಅವ್ವ ಅಚ್ಚರಿಪಟ್ಟಳು. “ನಮ್ಮ ಮನ್ಯಾಗೇನೈತಿ ಅಂತ ಬರ್ತಾರ? ರೊಟ್ಟಿ, ಬದನಿಕಾಯಿ ಪಲ್ಯ!” ಬ್ಯಾಡಗಿ ಮೆಣಸಿನಕಾಯಿಯ ಬಣ್ಣವಿಳಿದ ಆ ಪಲ್ಯಕ್ಕಾಗಿ ತಟ್ಟೆ ತೊಳೆಯುತ್ತ ನಾನು ಎಷ್ಟು ಹಂಬಲಿಸಿದ್ದೆನೆಂದು ಅವಳಿಗೆ ಹೇಗೆ ತಿಳಿಯಬೇಕು!

ಹಾಗೆಂದು ಪ್ರವಾಸಿಗರು ಬಂದರೆ ಎಲ್ಲವೂ ನೆಟ್ಟಗಾಗುವುದೆಂದು ನಾನು ಹೇಳಲಾರೆ. ಬೇಸಗೆಯ ನಾಲ್ಕು ವಾರ ಕಳೆಯಲು ಹೊರಗಿನವರು ಮನೆ ಕೊಳ್ಳತೊಡಗಿದಾಗ ವೇಲ್ಸಿನ ಎಷ್ಟೋ ಹಳ್ಳಿಗಳಲ್ಲಿ ಊರ ಹುಡುಗರಿಗೆ ಮನೆ ಎಟುಕದಾಯಿತು. ಅಂಥ ಎರಡನೆಯ ಮನೆಗಳ ಮೇಲೆ 300 ಪ್ರತಿಶತದವರೆಗೆ ಹೆಚ್ಚುವರಿ ತೆರಿಗೆ ಹಾಕುವ ಅಧಿಕಾರವನ್ನು 2023ರಿಂದ ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕಾಗಿ ಬಂತು. ನಮ್ಮ ತುಂಗಭದ್ರೆಯೇ ಕೆಳಗೆ ಹರಿದು ಹಂಪೆಯನ್ನು ಮುಟ್ಟುತ್ತಾಳೆ. ಹಂಪೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ವಸತಿಗೃಹಗಳು ಬೆಳೆದವು. ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರಲ್ಲಿ ಅವುಗಳನ್ನು ಕೆಡವಲಾಯಿತು. ಮೊದಲು ಜನ, ಆಮೇಲೆ ಯೋಜನೆ ಎಂದಾದರೆ ನಷ್ಟ ಬಡವನಿಗೇ ಮೊದಲು ತಟ್ಟುತ್ತದೆ.

ಕೊನೆಯದಾಗಿ, ಓದುತ್ತ ಓದುತ್ತ ನನ್ನನ್ನೇ ತಬ್ಬಿಬ್ಬಾಗಿಸಿದ ಒಂದು ಮಾತು. ಒಂದು ವರ್ಷಕ್ಕೂ ಮೀರಿ ಓದಲು ಹೋದ ವಿದ್ಯಾರ್ಥಿಯನ್ನು ಪ್ರವಾಸದ ಅಂಕಿಅಂಶದಲ್ಲಿ ಪ್ರವಾಸಿಯೆಂದು ಎಣಿಸುವುದಿಲ್ಲ. ಆದರೆ ದೇಶದೇಶಗಳ ನಡುವಿನ ಪಾವತಿಯ ಲೆಕ್ಕದಲ್ಲಿ ಅವನ ಶುಲ್ಕ, ಊಟ, ಬಾಡಿಗೆಗಳೆಲ್ಲ ಬರುವುದು ‘ಪ್ರಯಾಣ’ ಎಂಬ ಶೀರ್ಷಿಕೆಯ ಕೆಳಗೇ. ಎಂದರೆ ನಾನು ಬ್ರಿಟನ್ನಿನ ಪಾಲಿಗೆ ಒಂದು ರಫ್ತು. ಐರಣಿಯ ಪಾಲಿಗೆ ಒಂದು ಸೋರಿಕೆ. ಎರಡು ಎಕರೆ ಹೊಲ ನನ್ನ ಮೂಲಕ ಸಮುದ್ರ ದಾಟಿಹೋಗಿದೆ.

ಪದವಿ ಮುಗಿದ ಮೇಲೆ ಅಲ್ಲಿಯೇ ಕೆಲಸ ಹಿಡಿದರೆ ಸಾಲ ಬೇಗ ತೀರೀತು. ಇಲ್ಲಿಗೆ ಬಂದರೆ ನಿಧಾನವಾಗಿ ತೀರೀತು. ಮಾವನ ಮನೆಯ ಕಾಗದಪತ್ರ ಬ್ಯಾಂಕಿನಲ್ಲಿರುವವರೆಗೆ ಇದನ್ನು ಹುಡುಗಾಟದಿಂದ ನಿರ್ಧರಿಸುವಂತಿಲ್ಲ. ಕೆಲವು ವರ್ಷ ದುಡಿದು ಆ ಕಾಗದಗಳನ್ನು ಬಿಡಿಸಿಕೊಟ್ಟು ಬರಬೇಕೆಂಬುದು ಇಂದಿನ ನನ್ನ ವಿಚಾರ. ಆದರೆ ಕಲಿತ ಲೆಕ್ಕ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮಿತ್ರರೇ, ನಿಮ್ಮ ಊರಿನ ಜಾತ್ರೆಗೆ, ಗುಡಿಗೆ, ಕೆರೆಗೆ ಬರುವವರನ್ನು ಆ ಮೂರು ಪ್ರಶ್ನೆ ಕೇಳಿ ನೋಡಿ. ಅದಕ್ಕೆ ವಿಮಾನ ಹತ್ತಬೇಕಾಗಿಲ್ಲ. ಒಂದು ನೋಟುಬುಕ್ಕು, ಒಂದು ಪೆನ್ಸಿಲು ಇದ್ದರೆ ಸಾಕು. ಹತ್ತು ಊರುಗಳ ಉತ್ತರ ಕೂಡಿದರೆ ಮುಂದಿನ ವರ್ಷದ ಈ ಪತ್ರಿಕೆಯಲ್ಲಿ ಹಾವೇರಿ ಸೀಮೆಯ ಲೆಕ್ಕವನ್ನೇ ಬರೆಯಬಹುದು.