ಕೆಳಗಿನ ಪಟ್ಟಿಕೆ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹುಡುಗರು ಸೈಕಲ್ ಒರಗಿಸುವ ಪಾಚಿಗಟ್ಟಿದ ಕಲ್ಲು ಎಷ್ಟೋ ಸಲ ವೀರಗಲ್ಲಾಗಿರುತ್ತದೆ. ಕೆಳಗೆ ಕಾದಾಟ, ನಡುವೆ ಮಡಿದವನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕೆತ್ತಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಜರ್ಮನಿಯ ಶಿಲ್ಪಿ ಫ್ರಿಟ್ಜ್ ಕ್ರೆಮರ್ (1906–1993) ಅವರದೂ ಇಂಥದೇ ಕೆಲಸ. ನಾಜಿಗಳ ಬೂಖೆನ್‌ವಾಲ್ಡ್ ಸೆರೆಶಿಬಿರದಲ್ಲಿ ಸತ್ತವರು ಸುಮಾರು 56,000. 1958ರಲ್ಲಿ ಅಲ್ಲಿ ಕ್ರೆಮರರ ಹನ್ನೊಂದು ಕಂಚಿನ ಪ್ರತಿಮೆಗಳು ನಿಂತವು. ಮೊದಲ ಕರಡು ಆಳುವವರಿಗೆ ಒಪ್ಪಿಗೆಯಾಗಲಿಲ್ಲ. ಅವರಿಗೆ ನೊಂದವರಲ್ಲ, ಗೆದ್ದವರು ಕಾಣಬೇಕಿತ್ತು. ಕ್ರೆಮರ್ ತಿದ್ದಿದರು. ಆದರೂ ಗುಂಪಿನಲ್ಲಿ ಕುಸಿದು ಬೀಳುವವನೊಬ್ಬ ಉಳಿದುಕೊಂಡ.

ಮುಂದಿನ ರಜೆಯಲ್ಲಿ ಪಾಲಕರು ಮಕ್ಕಳನ್ನು ಊರಿನ ವೀರಗಲ್ಲಿನೆದುರು ನಿಲ್ಲಿಸಲಿ. ಮೇಲಿನ ಸ್ವರ್ಗವನ್ನಷ್ಟೇ ಅಲ್ಲ, ಕೆಳಗಿನ ಪಟ್ಟಿಕೆಯನ್ನೂ ತೋರಿಸಲಿ. ಜೀವ ತೆತ್ತ ಜಾಗ ಅದು.