ಘಾಟಿಯ ಗಂಟೆಗೆ ಎಷ್ಟು?

"ಗಾಲ್ಫ್ ಅಂದ್ರೆ ಚೆಂಡಾಟ ಅಲ್ವೇನಮ್ಮಾ?" ಅಂತ ಅಪ್ಪ ಫೋನಲ್ಲಿ ಕೇಳಿದರು. ಅಲ್ಲಪ್ಪ, ಕಾರು ಅಂದೆ. "ಎಷ್ಟು?" ಅಂದರು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ನಿಮ್ಮಮ್ಮನಿಗೆ ಈಗಲೇ ಹೇಳ್ಬೇಡ, ಬಿಪಿ ಇದೆ" ಅಂದರು.

ಬೆಲೆ 53 ಲಕ್ಷ. ಅದೂ ಎಕ್ಸ್-ಶೋರೂಂ. 2025ರ ಮೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಭಾರತಕ್ಕೆ ಬಂತು. ಮೊದಲ ಕಂತಿನಲ್ಲಿ ಬಂದದ್ದು 150 ಕಾರು. ಜಿಟಿಐ ಅನ್ನೋ ಮೂರಕ್ಷರಕ್ಕೆ ನಾನು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಿಂದಲೂ ಬಿದ್ದವಳು. ಉಳಿದ ಹುಡುಗಿಯರ ಗೋಡೆ ಮೇಲೆ ಸಿನಿಮಾ ಹೀರೋಗಳಿದ್ದರೆ, ನನ್ನ ಗೋಡೆ ಮೇಲೆ ಆಟೋ ಪತ್ರಿಕೆಯಿಂದ ಹರಿದ ಕೆಂಪು ಗಾಲ್ಫ್ ಇತ್ತು. ಅದೇ ಹೊತ್ತಿಗೆ ಇನ್ನೊಂದು ಘಟನೆ ನಡೆಯಿತು. ನಾನು ಕೆಲಸ ಮಾಡೋ ಕಂಪನಿ ನೌಕರರ ಹತ್ತಿರ ಇದ್ದ ಷೇರುಗಳನ್ನ ವಾಪಸ್ ಕೊಂಡುಕೊಳ್ತು. ಎಂಟು ವರ್ಷ ಬರೀ ಎಕ್ಸೆಲ್ ಶೀಟಲ್ಲಿ ಕಾಣ್ತಿದ್ದ ದುಡ್ಡು, ತೆರಿಗೆ ಕಳೆದು 61 ಲಕ್ಷ, ಒಂದು ಮಂಗಳವಾರ ನನ್ನ ಖಾತೆಗೆ ಬಂದು ಕೂತಿತು.

ನನಗೆ ದೇವರ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಆದರೂ ಈ ಎರಡೂ ಒಟ್ಟಿಗೆ ಆದದ್ದನ್ನ ಸೂಚನೆ ಅಂತಲೇ ತಿಳಿದುಕೊಂಡೆ. ಬನಶಂಕರಿಯ ಫ್ಲ್ಯಾಟಿನ ಮೇಲೆ ಇನ್ನೂ 44 ಲಕ್ಷ ಸಾಲ ಇದೆ, ತಿಂಗಳಿಗೆ 51 ಸಾವಿರ ಕಂತು, ಹನ್ನೊಂದು ವರ್ಷ ಬಾಕಿ. ಇದನ್ನ ಸೂಚನೆ ಅಂತ ತಿಳಿಯಲಿಲ್ಲ.

ಹಾಟ್ ಹ್ಯಾಚ್ ಅಂದ್ರೆ ಗೊತ್ತಿಲ್ಲದವರಿಗೆ ಎರಡು ಮಾತು. ಮಕ್ಕಳನ್ನ ಶಾಲೆಗೆ ಬಿಡೋ, ತರಕಾರಿ ತರೋ ಸಾಧಾರಣ ಹ್ಯಾಚ್‌ಬ್ಯಾಕ್ ತಗೊಂಡು, ಅದಕ್ಕೆ ದೊಡ್ಡ ಎಂಜಿನ್ನು, ಗಟ್ಟಿ ಸಸ್ಪೆನ್ಷನ್ನು, ಒಳ್ಳೆ ಬ್ರೇಕು ಹಾಕಿದರೆ ಅದು ಹಾಟ್ ಹ್ಯಾಚ್. ಮೊದಲ ಗಾಲ್ಫ್ ಜಿಟಿಐ ಮಾರಾಟಕ್ಕೆ ಬಂದದ್ದು 1976ರಲ್ಲಿ. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 800 ಕೆ.ಜಿ. ಕಂಪನಿ ಮಾಡಬೇಕು ಅಂದುಕೊಂಡಿದ್ದು ಬರೀ 5,000 ಕಾರು. ಆ ಮೊದಲ ತಲೆಮಾರಿನದ್ದೇ ನಾಲ್ಕು ಲಕ್ಷಕ್ಕೂ ಮೇಲೆ ಹೋಯಿತು. ಅದರ ಚೌಕಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನ ಹಾಗಿರೋ ಗೇರ್ ನಾಬ್, ಎರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅನ್ನೋ ಹೆಣ್ಣುಮಗಳ ಯೋಚನೆ. ದುಡಿಯೋ ಜನರ ಕೈಗೂ ವೇಗ ಸಿಗುವ ಹಾಗೆ ಮಾಡಿದ್ದೇ ಇಂಥ ಕಾರುಗಳ ದೊಡ್ಡಸ್ತಿಕೆ. ಸ್ಪೋರ್ಟ್ಸ್ ಕಾರಿನ ಖುಷಿ, ಸಂಬಳದಲ್ಲಿ.

ಈಗಿನದು 2 ಲೀಟರ್ ಟರ್ಬೊ, 265 ಅಶ್ವಶಕ್ತಿ, 370 ನ್ಯೂಟನ್ ಮೀಟರ್, ಏಳು ಗೇರಿನ ಡಿಎಸ್‌ಜಿ. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 5.9 ಸೆಕೆಂಡು. ಕಾರಿನ ಬಗ್ಗೆ ನನ್ನ ತಕರಾರೇನಿಲ್ಲ. ತಕರಾರು "ಸಂಬಳದಲ್ಲಿ" ಅನ್ನೋ ಮಾತಿನ ಬಗ್ಗೆ.

53 ಲಕ್ಷ ಯಾಕಾಯ್ತು ಅನ್ನೋದಕ್ಕೆ ಉತ್ತರ ಕಷ್ಟವಿಲ್ಲ. ಇದು ಪೂರ್ತಿ ತಯಾರಾಗಿ ಹಡಗಲ್ಲಿ ಬರೋ ಕಾರು. ಹಾಗೆ ಬರೋದಕ್ಕೆ ಆಮದು ಸುಂಕ ಭಾರಿ. ಅದರ ಮೇಲೆ ಜಿಎಸ್‌ಟಿ ಬೇರೆ. ಅಮೆರಿಕದಲ್ಲಿ ಇದೇ ಹೆಸರಿನ ಕಾರು 2025ರಲ್ಲಿ ಹೆಚ್ಚೂಕಡಿಮೆ 33 ಸಾವಿರ ಡಾಲರ್‌ಗೆ ಶುರುವಾಗುತ್ತಿತ್ತು, ಅಂದರೆ 28 ಲಕ್ಷದ ಆಸುಪಾಸು. ಉಳಿದ ದುಡ್ಡಲ್ಲಿ ಬಹುಪಾಲು ನಾವು ಸರ್ಕಾರಕ್ಕೆ ಕೊಡೋ ಕಾಣಿಕೆ. ಕಾಣಿಕೆ ಅಲ್ಲಿಗೇ ಮುಗಿಯಲ್ಲ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. 53 ಲಕ್ಷಕ್ಕೆ ಇದೊಂದೇ ಹತ್ತೂವರೆ ಲಕ್ಷ ಆಗುತ್ತೆ. ಈ ದುಡ್ಡಲ್ಲಿ ಒಂದು ಹೊಸ ಟಾಟಾ ಆಲ್ಟ್ರೋಜ಼್ ರೇಸರ್ ಬರುತ್ತಿತ್ತು. 2024ರಲ್ಲಿ ಅದು ಬಂದಾಗ ಶುರುವಿನ ಬೆಲೆ ಒಂಬತ್ತೂವರೆ ಲಕ್ಷ, 120 ಅಶ್ವಶಕ್ತಿ.

ಇದು ಹೊಸ ಕತೆಯೂ ಅಲ್ಲ. 2016ರಲ್ಲಿ ಇದೇ ಕಂಪನಿಯ ಪೋಲೊ ಜಿಟಿಐ ಬಂದಿತ್ತು. 192 ಅಶ್ವಶಕ್ತಿ, ಮೂರೇ ಬಾಗಿಲು, ಇಡೀ ದೇಶಕ್ಕೆ 99 ಕಾರು, ಬೆಲೆ ಸುಮಾರು 26 ಲಕ್ಷ. ಮರುವರ್ಷ ಅದನ್ನೇ 20 ಲಕ್ಷಕ್ಕೆ ಇಳಿಸಿದರು. ಮೊದಲು ಕೊಂಡವರ ಹೊಟ್ಟೆ ಎಷ್ಟು ಉರಿದಿರಬೇಕು! ಈ ಸಲ ಹಾಗಾಗಲಿಲ್ಲ. 150 ಕಾರೂ ಬೇಗನೇ ಖಾಲಿಯಾದವು. ಅಂದರೆ ಕೊಡೋರಿದ್ದಾರೆ. ಕೊಡೋರಿದ್ದಾರೆ ಅಂದ ಮಾತ್ರಕ್ಕೆ ನನಗೆ ಆ ಬೆಲೆ ಬಾಳುತ್ತೆ ಅಂತ ಅಲ್ವಲ್ಲ.

ಶೋರೂಮಿಗೆ ಹೋದಾಗಿನ ಮಾತು ಹೇಳಲೇಬೇಕು. ಪ್ರಶ್ನೆ ಕೇಳಿದವಳು ನಾನು, ಉತ್ತರ ಪೂರ್ತಿ ನನ್ನ ಗಂಡನಿಗೆ ಸಿಕ್ಕಿತು. ಡಿಫರೆನ್ಷಿಯಲ್ ಲಾಕ್ ಬಗ್ಗೆ ಕೇಳಿದೆ. ಸೇಲ್ಸ್ ಹುಡುಗ ಇವನ ಕಡೆ ತಿರುಗಿ "ಸಾರ್, ಅದು ಮುಂದಿನ ಚಕ್ರಗಳಿಗೆ..." ಅಂತ ಶುರು ಮಾಡಿದ. ನನ್ನ ಗಂಡನಿಗೆ ಕಾರಲ್ಲಿ ಗೊತ್ತಿರೋದು ಎಸಿ ಮತ್ತು ಬ್ಲೂಟೂತ್. ಪಾಪ, ಕೊನೆಗೆ ಅವನೇ "ಅವಳಿಗೆ ಹೇಳಿ, ನನಗೆ ಅರ್ಥ ಆಗಲ್ಲ" ಅಂದ. ಹುಡುಗ ನನ್ನ ಕಡೆ ತಿರುಗಿ ಕೇಳಿದ್ದು: "ಮೇಡಂ, ಬಣ್ಣ ಯಾವುದು ಇಷ್ಟ?"

ಆ ದಿನ ಸಿಟ್ಟಿಗೇ ಬುಕ್ ಮಾಡಿಬಿಡ್ತಿದ್ದೆ. ಕಾರು ಉಳಿದಿರಲಿಲ್ಲ, ಮುಂದಿನ ಕಂತಿಗೆ ಹೆಸರು ಬರೆಸಿ ಅಂದರು. ಹೆಸರು ಬರೆಸಿ ಬಂದೆ.

ಕಾಯೋ ಹೊತ್ತಲ್ಲಿ ಲೆಕ್ಕ ಹಾಕಿದೆ. ಅದೇ ನನ್ನ ಚಟ. ವಿಮೆಯವರು ಕಾರಿನ ಬೆಲೆ ಕಟ್ಟೋಕೆ ಒಂದು ಪಟ್ಟಿ ಇಟ್ಟುಕೊಂಡಿರ್ತಾರೆ. ಅದರ ಪ್ರಕಾರ ಐದನೇ ವರ್ಷಕ್ಕೆ ಕಾರಿನ ಬೆಲೆ ಅರ್ಧ. 53 ಹೋಗಿ ಇಪ್ಪತ್ತಾರೂವರೆ. ರಸ್ತೆ ತೆರಿಗೆ ಅಂತೂ ಕೊಟ್ಟವರಿಗೆ ಕೋಡಂಗಿ. ಎರಡೂ ಸೇರಿದರೆ ಐದು ವರ್ಷದಲ್ಲಿ 37 ಲಕ್ಷ ಗಾಳಿಗೆ. ವರ್ಷಕ್ಕೆ 8 ಸಾವಿರ ಕಿ.ಮೀ. ಓಡಿಸಿದರೆ ಕಿಲೋಮೀಟರಿಗೆ 93 ರೂಪಾಯಿ ಬಿತ್ತು. ಪೆಟ್ರೋಲ್ ಇನ್ನೂ ಹಾಕಿಲ್ಲ! 2024ರಲ್ಲಿ ಸರ್ಕಾರ ದುಬಾರಿ ಟ್ಯಾಕ್ಸಿಗೆ ಕಟ್ಟಿದ ದರವೇ ಕಿಲೋಮೀಟರಿಗೆ 32 ರೂಪಾಯಿ, ಅದರಲ್ಲಿ ಡ್ರೈವರೂ ಬರ್ತಾನೆ.

ಆದರೆ ಕಿಲೋಮೀಟರ್ ಲೆಕ್ಕ ಮೋಸದ ಲೆಕ್ಕ. ಬನಶಂಕರಿಯಿಂದ ಔಟರ್ ರಿಂಗ್ ರೋಡಿನ ಆಫೀಸಿಗೆ 18 ಕಿಲೋಮೀಟರು, ಒಂದು ಗಂಟೆ ಹತ್ತು ನಿಮಿಷ. ಅಲ್ಲಿ 265 ಅಶ್ವಶಕ್ತಿಯೂ ಒಂದೇ, ಸಿಲ್ಕ್ ಬೋರ್ಡಿನ ಎಮ್ಮೆಯೂ ಒಂದೇ. ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಮೇಲೆ ಕ್ಯಾಮೆರಾ. 130 ದಾಟಿದರೆ ಎಫ್‌ಐಆರ್. ಇಂಥ ಕಾರು ಕೊಡೋ ಖುಷಿ ಸಿಗೋದು ಘಾಟಿಯಲ್ಲಿ ಮಾತ್ರ, ಅರವತ್ತು ಎಪ್ಪತ್ತರ ವೇಗದಲ್ಲಿ, ಒಂದರ ಹಿಂದೆ ಒಂದು ತಿರುವು ಬರುವಾಗ. ಹಾಗಾದರೆ ಲೆಕ್ಕ ಹಾಕಬೇಕಾದ್ದು ಘಾಟಿಯ ಗಂಟೆಗೆ. ಹೋದ ವರ್ಷ ಎಷ್ಟು ಗಂಟೆ ಘಾಟಿ ರಸ್ತೆಯಲ್ಲಿದ್ದೆ ಅಂತ ಫೋನಿನ ಮ್ಯಾಪ್ ತೆಗೆದು ಕೂಡಿಸಿದೆ. ಊರಿಗೆ ಹೋಗಿದ್ದು, ಧರ್ಮಸ್ಥಳ, ಸಕಲೇಶಪುರ ಎಲ್ಲಾ ಸೇರಿ 22 ಗಂಟೆ. ಐದು ವರ್ಷಕ್ಕೆ 110. 37 ಲಕ್ಷವನ್ನ 110ರಿಂದ ಭಾಗಿಸಿದೆ. ಗಂಟೆಗೆ ಮೂವತ್ಮೂರು ಸಾವಿರದ ಆರುನೂರು ರೂಪಾಯಿ ಚಿಲ್ಲರೆ.

ಗಂಡನಿಗೆ ತೋರಿಸಿದೆ. ಅವನು ನೋಡಿ, "ಹಿಂಗೆ ಲೆಕ್ಕ ಹಾಕಿದ್ರೆ ನಮ್ಮ ಮದುವೆ ಛತ್ರ ಗಂಟೆಗೆ ಎಷ್ಟು ಬಿತ್ತು ಹೇಳು ನೋಡೋಣ. ಅದರಲ್ಲಿ ನಾವಿಬ್ಬರೂ ಊಟಾನೂ ಮಾಡ್ಲಿಲ್ಲ ಕಣೇ" ಅಂದ. ಮಾತು ಸರಿ. ಗಂಟೆಗಿಷ್ಟು ಅಂತ ಬಾಳುವ ವಸ್ತುವಿದ್ದರೆ ಅದು ಬಾಡಿಗೆ ಸೈಕಲ್ ಒಂದೇ. ಹಾಗಾಗಿ ಓಡಿಸಿ ನೋಡದೆ ತೀರ್ಮಾನ ಮಾಡೋದು ಬೇಡ ಅಂದುಕೊಂಡೆ.

ನವೆಂಬರಲ್ಲಿ ಅವಕಾಶ ತಾನಾಗೇ ಬಂತು. ಆ 150ರಲ್ಲಿ ಒಂದು ನನ್ನ ಹಳೆ ಸಹೋದ್ಯೋಗಿಯೊಬ್ಬನ ಮನೆಯಲ್ಲಿತ್ತು. ಚಿಕ್ಕಮಗಳೂರಿಗೆ ತರ್ತೀನಿ, ಪೆಟ್ರೋಲ್ ನಿಂದು ಅಂದ. ನಾನು ಅಪ್ಪನನ್ನೂ ಕರೆದೆ.

ಅಪ್ಪನ ಬಗ್ಗೆ ಹೇಳಲಿಲ್ಲ ಅಲ್ವಾ? ಅಪ್ಪ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವರು. ಚಿಕ್ಕಮಗಳೂರು ಡಿಪೋ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಧರ್ಮಸ್ಥಳ, ಮತ್ತೆ ವಾಪಸ್. ಕೆಂಪು ಬಸ್ಸಲ್ಲಿ ಆ ಘಾಟಿಯನ್ನ ಎಷ್ಟು ಸಾವಿರ ಸಲ ಹತ್ತಿಳಿದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಸ್ವಂತಕ್ಕೆ ಕಾರು ಕೊಂಡಿದ್ದಿಲ್ಲ. ನನಗೆ ಓಡಿಸೋಕೆ ಕಲಿಸಿದ್ದು ಅವರೇ, ಪಕ್ಕದ ಮನೆಯವರ ಮಾರುತಿ 800ರಲ್ಲಿ. "ಬ್ರೇಕು ತಿರುವಿಗೆ ಮುಂಚೆ, ತಿರುವಿನಲ್ಲಿ ಅಲ್ಲ." ಇವತ್ತಿಗೂ ನನಗೆ ಗೊತ್ತಿರೋ ಡ್ರೈವಿಂಗ್ ಅಂದರೆ ಇದೊಂದೇ ವಾಕ್ಯ.

72 ವರ್ಷದ ಅಪ್ಪ ಗಾಲ್ಫ್ ಸುತ್ತ ಒಂದು ಸುತ್ತು ಬಂದರು. ಟೈರ್ ಒದ್ದು ನೋಡಿದರು. ಬಾಗಿಲು ತೆಗೆದು ಚೌಕಳಿ ಸೀಟು ಮುಟ್ಟಿ, "ಇಷ್ಟು ದುಡ್ಡಿಗೆ ಬಟ್ಟೆ ಸೀಟಾ?" ಅಂದರು. ಸ್ನೇಹಿತ ಹಿಂದಿನ ಸೀಟಲ್ಲಿ ನಕ್ಕ ಸದ್ದು ಕೇಳಿಸಿತು.

ಕೊಟ್ಟಿಗೆಹಾರ ದಾಟಿ ಘಾಟಿಗೆ ಇಳಿದೆವು. ಮಳೆ ಮುಗಿದು ರಸ್ತೆ ಒಣಗಿತ್ತು. ನಿಜ ಹೇಳ್ತೀನಿ, ಅಂಥ ಕಾರನ್ನ ನಾನು ಓಡಿಸಿದ್ದೇ ಇಲ್ಲ. ಮನಸ್ಸಲ್ಲಿ ತಿರುವು ಅಂದುಕೊಳ್ಳೋ ಹೊತ್ತಿಗೆ ಮೂತಿ ತಿರುಗಿರ್ತಿತ್ತು. ತಿರುವಿನ ಅರ್ಧದಲ್ಲಿ ಆಕ್ಸಿಲರೇಟರ್ ಒತ್ತಿದರೆ ಬೇರೆ ಮುಂಚಕ್ರದ ಕಾರುಗಳು ಹೊರಗೆ ಜಾರೋಕೆ ನೋಡ್ತವೆ, ಇದು ಒಳಕ್ಕೆ ಎಳೆದುಕೊಳ್ತಿತ್ತು. ಗೇರು ಯಾವಾಗ ಬಿತ್ತು ಅಂತಲೇ ಗೊತ್ತಾಗ್ತಿರಲಿಲ್ಲ. ನನ್ನ ಮುಖದ ಮೇಲೆ ದಡ್ಡ ನಗು. ಪಕ್ಕಕ್ಕೆ ನೋಡಿದೆ. ಅಪ್ಪನ ಬಲಗಾಲು ಪ್ರತಿ ತಿರುವಿಗೂ ಮುಂಚೆ ಇಲ್ಲದ ಬ್ರೇಕನ್ನ ಒತ್ತುತ್ತಿತ್ತು. ಸರಿಯಾಗಿ ನನಗಿಂತ ಅರ್ಧ ಸೆಕೆಂಡ್ ಮುಂಚೆ.

ವಾಪಸ್ ಹತ್ತಿ ಬಂದು ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನುವಾಗ ಕೇಳಿದೆ, ಹೇಗಿದೆ ಗಾಡಿ?

"ಗಾಡಿ ಭಾಳ ಚೆನ್ನಾಗಿದೆ. ಎಂಥ ತಿರುವಲ್ಲೂ ಅಲ್ಲಾಡಲ್ಲ. ನೀನು ಮೂರನೇ ತಿರುವಲ್ಲಿ ತಪ್ಪು ಮಾಡಿದೆ, ಲೇಟಾಗಿ ಬ್ರೇಕ್ ಹಿಡಿದೆ. ಗಾಡಿ ಅದನ್ನ ಮುಚ್ಚಿಹಾಕಿತು."

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅಂದರು: "ನಿನಗೆ ಬೇಕಾ? ಬೆಲೆ ಬಿಡು. ಬೇಕಾ ಅಂತ ಕೇಳ್ತಿದೀನಿ."

ಬೇಕು ಅಂದೆ. ಸುಳ್ಳು ಹೇಳೋಕೆ ಆಗಲಿಲ್ಲ.

"ಮತ್ತೆ ತಗೋ. ಸಾಲ ಇಟ್ಕೊಂಡು ತಗೊಂಡ್ರೆ ಕೆಲಸ ಬಿಡೋಕಾಗಲ್ಲ, ಅಷ್ಟೇ."

ಇಲ್ಲಿ ನಾನು ಬೆಚ್ಚಿದೆ. ಯಾಕಂದ್ರೆ ಕೆಲಸ ಬಿಡೋ ಮಾತು ನಾನು ಅಪ್ಪನ ಹತ್ತಿರ ಆಡೇ ಇರಲಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಸಂಜೆ ನನ್ನ ಹೊಟ್ಟೆ ಕಲಸುತ್ತೆ. ಕಂಪನಿಯಲ್ಲಿ ಪ್ರತಿ ತ್ರೈಮಾಸಿಕಕ್ಕೂ ಒಂದಷ್ಟು ಕುರ್ಚಿ ಖಾಲಿಯಾಗ್ತವೆ. ಫೋನಲ್ಲಿ ನನ್ನ ದನಿ ಕೇಳಿಯೇ ಅಪ್ಪನಿಗೆ ಗೊತ್ತಾಗಿತ್ತು ಅಂತ ಕಾಣುತ್ತೆ. ಮೂವತ್ತು ವರ್ಷ ಬೆಳಗಿನ ಐದರ ಡ್ಯೂಟಿ ಮಾಡಿದ ಮನುಷ್ಯ. ಇಷ್ಟವಿಲ್ಲದ ದಿನವೂ ಹೋಗಲೇಬೇಕು ಅಂದರೆ ಏನು ಅನ್ನೋದನ್ನ ಅವರಿಗೆ ಹೇಳಿಕೊಡಬೇಕಾ?

ಹಾಗಾಗಿ ಬೆಲೆಗೆ ಬಾಳುತ್ತಾ ಅನ್ನೋದಕ್ಕೆ ನನ್ನ ಉತ್ತರ ಇದು. ಕಾರು ತನ್ನ ಕೆಲಸದಲ್ಲಿ ಒಂದು ರೂಪಾಯಿಯೂ ಮೋಸ ಮಾಡಲ್ಲ. ಅದೇ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಅಕ್ಟೋಬರಲ್ಲಿ 50 ಲಕ್ಷಕ್ಕೆ ಬಂತು, ಬೂಟ್ ದೊಡ್ಡದು, ಗಾಲ್ಫ್ ಬಂದಾಗಿನ ಬೆಲೆಗಿಂತ ಮೂರು ಲಕ್ಷ ಕಮ್ಮಿ. ಸಾಲವಿಲ್ಲದೆ, ಉಳಿತಾಯದ ಒಂದು ಸಣ್ಣ ಪಾಲು ತೆಗೆದು ಕೊಡೋರಿಗೆ ಎರಡರಲ್ಲಿ ಯಾವುದಾದರೂ ಬಾಳುತ್ತೆ, ಅವರ ಹತ್ತಿರ ನನ್ನ ಎಕ್ಸೆಲ್ ಶೀಟ್ ತಗೊಂಡು ಹೋಗಲ್ಲ. ನನ್ನಂಥ ಕಂತಿನವರಿಗೆ ಇದರ ನಿಜವಾದ ಬೆಲೆ 53 ಲಕ್ಷ ಅಲ್ಲ, ಹನ್ನೊಂದು ವರ್ಷದ ಭಾನುವಾರದ ಸಂಜೆಗಳು.

ಪಟ್ಟಿಯಿಂದ ಹೆಸರು ತೆಗೆಸಿದೆ. 44 ಲಕ್ಷ ಬ್ಯಾಂಕಿಗೆ ಕಟ್ಟಿದೆ. ಫ್ಲ್ಯಾಟಿನ ಪತ್ರಗಳು ಮನೆಗೆ ಬಂದವು. ಕೆಲಸ ಇನ್ನೂ ಬಿಟ್ಟಿಲ್ಲ. ಬಿಡಬಹುದು ಅಂತ ಗೊತ್ತಾದ ಮೇಲೆ ಮ್ಯಾನೇಜರ್ ಜೊತೆ ಜಗಳ ಆಡೋಕೆ ಧೈರ್ಯ ಬಂದಿದೆ.

ನನ್ನ ಹನ್ನೊಂದು ವರ್ಷದ ಹಳೇ ಹ್ಯಾಚ್‌ಬ್ಯಾಕಿಗೆ ನಾಲ್ಕು ಒಳ್ಳೆ ಟೈರು, ಶಾಕ್ ಅಬ್ಸಾರ್ಬರು, ಬುಷ್ಷು, ಬ್ರೇಕ್ ಪ್ಯಾಡು ಹಾಕಿಸಿದೆ. ಒಟ್ಟು 58 ಸಾವಿರ. ಹೋದ ವಾರ ಅಪ್ಪನನ್ನ ಕೂರಿಸಿಕೊಂಡು ಚಾರ್ಮಾಡಿಗೆ ಹೋದೆ. ಮೂರನೇ ತಿರುವಿಗೆ ಮುಂಚೆ ಅಪ್ಪ "ಈಗ ಸೆಕೆಂಡ್ ಹಾಕು" ಅಂದರು. ಹಾಕಿದೆ, ಬ್ರೇಕು ಸರಿಯಾದ ಜಾಗದಲ್ಲಿ ಹಿಡಿದೆ. ಅವರ ಬಲಗಾಲು ಅಲ್ಲಾಡಲಿಲ್ಲ.

ಹಾಗಂತ ನಾನು ಸಂತೆಯಲ್ಲೇ ಸನ್ಯಾಸಿ ಆದೆ ಅಂದ್ಕೋಬೇಡಿ. ವಿಮೆಯವರ ಪಟ್ಟಿ ಪ್ರಕಾರ 2030ಕ್ಕೆ ಅದೇ ಕಾರು ಇಪ್ಪತ್ತಾರೂವರೆ ಲಕ್ಷ. ಸ್ನೇಹಿತನಿಗೆ ಈಗಲೇ ಹೇಳಿಟ್ಟಿದ್ದೀನಿ. ಚೌಕಳಿ ಸೀಟಿನ ಮೇಲೆ ಕಾಫಿ ಚೆಲ್ಲಬೇಡ ಮಾರಾಯ ಅಂತ.