ಗೋಡೆಯೊಳಗಿನ ಗಾಳಿ

ಫೆಬ್ರವರಿ 10, ಸೋಮವಾರ. ಎಡಿಸನ್, ನ್ಯೂಜೆರ್ಸಿ
ಬಟ್ಟೆ ಒಣಗಿಸುವ ಡ್ರೈಯರುಗಳ ಕೊಳವೆ ಸ್ವಚ್ಛ ಮಾಡುವ ಕೆಲಸ, ಮೊದಲ ದಿನ. ಕೊರೆಯುವ ಚಳಿ. ಮೇಸ್ತ್ರಿ ಎಕ್ವಡೋರ್‌ನವನು, ನನಗಿಂತ ತುಂಬ ಚಿಕ್ಕವನು. ಹೇಳಿದ್ದು ಎರಡೇ ಮಾತು. ಮೊದಲು ಡ್ರೈಯರಿನ ಪ್ಲಗ್ ಕೀಳು, ಗ್ಯಾಸಿನದಾದರೆ ಗ್ಯಾಸೂ ಬಂದ್ ಮಾಡು. ಡ್ರಿಲ್ಲನ್ನು ಯಾವತ್ತೂ ಉಲ್ಟಾ ತಿರುಗಿಸಬೇಡ. ತಿರುಗಿಸಿದರೆ ರಾಡುಗಳ ತಿರುಪು ಬಿಚ್ಚಿಕೊಂಡು ಬ್ರಶ್ಶು ಗೋಡೆಯೊಳಗೇ ಉಳಿಯುತ್ತೆ, ಆಮೇಲೆ ಗೋಡೆ ಒಡೆಯೋದೇ.

4 ಇಂಚಿನ ಕೊಳವೆ. ಗಾಳಿ ಆಡಲು ಮುಷ್ಟಿಯಷ್ಟೂ ಜಾಗ ಉಳಿದಿರಲಿಲ್ಲ. ಒಳಗಿಂದ ಬಂದ ಲಿಂಟ್, ಅಂದರೆ ಬಟ್ಟೆಯ ನೂಲಿನ ಧೂಳು, ಎರಡು ಚೀಲ.

ರಾತ್ರಿ. ಮೂಗು ಸೀನಿದರೆ ಬೂದು ಬಣ್ಣ. ಹೆಂಡತಿ ಏನೂ ಕೇಳಲಿಲ್ಲ. ನನ್ನ ಬಟ್ಟೆ ಮಾತ್ರ ಬೇರೆ ಬುಟ್ಟಿಗೆ ಹಾಕಿದಳು.

ಫೆಬ್ರವರಿ 13, ಗುರುವಾರ
ಮೈಸೂರಿಂದ ಅಮ್ಮನ ಫೋನು. "ಕೆಲಸ ಹೇಗಿದೆ?" ಕನ್ಸಲ್ಟಿಂಗ್ ಅಂದೆ. "ಅಂದ್ರೆ?" ಜನರ ಮನೆಗೆ ಹೋಗಿ ಅವರ ತೊಂದರೆ ಬಗೆಹರಿಸೋದು. ಸುಳ್ಳೇನಲ್ಲ.

ಅವಳು ಈಗಲೂ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವುತ್ತಾಳೆ. ಇಲ್ಲಿ ಬಿಸಿಲಿಗೆ ಒಣಹಾಕಬಾರದು ಅಂತ ನಮ್ಮ ಅಸೋಸಿಯೇಷನ್ನಿನ ನಿಯಮ. ಬಾಲ್ಕನಿಯಲ್ಲಿ ಒಂದು ಟವೆಲ್ ಕಂಡರೂ ಪತ್ರ ಬರುತ್ತೆ. ಇದನ್ನು ಅಮ್ಮನಿಗೆ ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ನನಗೂ ಪೂರ್ತಿ ನಂಬಿಕೆ ಬಂದಿಲ್ಲ.

ಫೆಬ್ರವರಿ 25, ಮಂಗಳವಾರ
ಮನೆಮನೆಗೆ ಕರಪತ್ರ ಹಂಚಿದೆ. ಮೇಲೆ ಬೆಂಕಿಯ ಚಿತ್ರ. ಕೆಳಗೆ: ದೇಶದಲ್ಲಿ ವರ್ಷಕ್ಕೆ 2,900 ಡ್ರೈಯರ್ ಬೆಂಕಿ, 5 ಸಾವು, 100 ಜನಕ್ಕೆ ಗಾಯ. ಮೂರರಲ್ಲೊಂದಕ್ಕೆ ಸ್ವಚ್ಛ ಮಾಡದಿರುವುದೇ ಕಾರಣ. ಅಂಕಿ ಅಮೆರಿಕದ ಅಗ್ನಿಶಾಮಕ ಇಲಾಖೆಯದೇ. ಆದರೆ 2008–2010ರದು. ಇಷ್ಟು ದೊಡ್ಡ ದೇಶದಲ್ಲಿ ಐದು ಸಾವು. ಹೆದರಿಸಿ ಮಾರುತ್ತಿದ್ದೀವಾ?

ಮೇಸ್ತ್ರಿಯನ್ನು ಕೇಳಿದೆ. ವ್ಯಾನಿನಲ್ಲಿ ಇಟ್ಟುಕೊಂಡಿರುವ ಒಂದು ಬಿಳಿ ಪ್ಲಾಸ್ಟಿಕ್ ಕೊಳವೆಯ ತುಂಡು ತೋರಿಸಿದ. ಅರ್ಧ ಕರಗಿತ್ತು. ಹಿಂದೆಲ್ಲ ಇದನ್ನೇ ಹಾಕುತ್ತಿದ್ದರಂತೆ. ಈಗ ಲೋಹದ್ದೇ ಆಗಬೇಕು. ಮತ್ತೆ ಮಾತಾಡಲಿಲ್ಲ.

ಮಾರ್ಚ್ 5, ಬುಧವಾರ
ಟೌನ್‌ಹೌಸುಗಳ ಸಾಲು. ಲಾಂಡ್ರಿ ಮನೆಯ ನಟ್ಟನಡುವೆ. ನಿಯಮದ ಪ್ರಕಾರ ಕೊಳವೆ 35 ಅಡಿ ಮೀರಬಾರದು. ಲಂಬಕೋನದ ಒಂದೊಂದು ತಿರುವಿಗೆ 5 ಅಡಿ ಕಳೆಯಬೇಕು. ಇಲ್ಲಿ ಮೂರು ತಿರುವು, ಅಂದರೆ 20 ಅಡಿ ಮಾತ್ರ. ಇದ್ದದ್ದು ಅದಕ್ಕಿಂತ ಎಷ್ಟೋ ಉದ್ದ. ಕೀಲುಗಳಿಗೆ ತಿರುಪುಮೊಳೆ ಬೇರೆ ಹೊಡೆದಿದ್ದಾರೆ, ಒಳಗೆ ಚಾಚಿದ ಒಂದೊಂದು ಮೊನೆಗೂ ಲಿಂಟ್ ಸಿಕ್ಕಿಕೊಂಡು ಗಂಟು. ಕಟ್ಟಿದವನು ದುಡ್ಡು ಎಣಿಸಿಕೊಂಡು ಹೋದ. ಈ ಜನ ವರ್ಷವರ್ಷ ನಮಗೆ ಎಣಿಸುತ್ತಾರೆ.

ಸೊಂಟ ನೋವು.

ಮಾರ್ಚ್ 18, ಮಂಗಳವಾರ. ಇಸ್ಲಿನ್
ಫಿಲ್ಟರಿನ ಲಿಂಟ್ ಗುಲಾಬಿ. ಹೋಳಿ ಮುಗಿದು ನಾಲ್ಕು ದಿನ. ಅದರಡಿ ಬೂದು, ಅದರಡಿ ಮಗುವಿನ ಬಟ್ಟೆಯ ಬಿಳಿ. ಉದ್ದ ಕೂದಲು. ಒಂದು ಮನೆಯ ಬಟ್ಟೆಯೆಲ್ಲ ಸವೆದು ಸವೆದು ಹೀಗೆ ಗೋಡೆಯೊಳಗೆ ಕೂತಿರುತ್ತೆ.

ಜಾಲರಿಯ ಮೇಲೆ ನೀರು ಬಿಟ್ಟೆ, ಇಳಿಯಲೇ ಇಲ್ಲ. ಸಾಫ್ಟನರ್ ಹಾಳೆಗಳ ಜಿಡ್ಡು. ಸೋಪು ಹಾಕಿ ಉಜ್ಜಿದೆ. ಮನೆಯಾಕೆ ನೋಡುತ್ತಿದ್ದರು. "ಇಂಡಿಯಾದಲ್ಲಿ ಯಾವೂರು?" ಹೇಳಿದೆ. ಅಲ್ಲಿಂದ ಮುಂದೆ ದನಿಯೇ ಬದಲಾಯಿತು. ಚಹಾ ಬಂತು, ಸ್ಟೀಲ್ ಲೋಟದಲ್ಲಿ. ಹೊರಡುವಾಗ 20 ಡಾಲರ್ ಟಿಪ್ಸು. ಮರುಕವಾ, ಮರ್ಯಾದೆಯಾ? ತಗೊಂಡೆ.

ಮಾರ್ಚ್ 30, ಭಾನುವಾರ. ಯುಗಾದಿ
ಕನ್ನಡ ಕೂಟದ ಊಟ. ಹೋಳಿಗೆ ಚೆನ್ನಾಗಿತ್ತು, ಮೈಕು ಕೆಟ್ಟಿತ್ತು. ಪಕ್ಕದಲ್ಲಿ ಕೂತವರು, "ಈಗ ಯಾವ ಕಂಪನಿ?" ಗಾಳಿಗೆ ಸಂಬಂಧಪಟ್ಟದ್ದು ಅಂದೆ. "ಓ, ರಿನ್ಯೂವಬಲ್! ಒಳ್ಳೇ ಫೀಲ್ಡು." ತಿದ್ದಲಿಲ್ಲ. ಇವಳು ಪಾಯಸದ ಕಡೆ ನೋಡುತ್ತಾ ನಗು ತಡೆದುಕೊಂಡಳು. ಅಂತೂ ನಕ್ಕಳು.

ಏಪ್ರಿಲ್ 11, ಶುಕ್ರವಾರ
ಗಾಳಿ ಅಳೆಯುವ ಮೀಟರು ಈಗ ನನ್ನ ಕೈಗೆ ಬಂದಿದೆ. ಹೊರಗಿನ ಬಾಯಿಗೆ ಹಿಡಿದರೆ ಮೊದಲು ನಿಮಿಷಕ್ಕೆ 400 ಅಡಿ. ಬ್ರಶ್ಶು ಆಡಿಸಿದ ಮೇಲೆ 1,500. ಮುಖಕ್ಕೆ ಬಿಸಿಗಾಳಿ ರಾಚಿತು. ಎರಡೆರಡು ಸಲ ತಿರುಗಿಸಿದರೂ ಒದ್ದೆ ಉಳಿಯುತ್ತಿದ್ದ ಜೀನ್ಸು ಒಂದೇ ಸಲಕ್ಕೆ ಒಣಗಿತು ಅಂತ ಸಂಜೆ ಮೆಸೇಜು. ಹಳೇ ಆಫೀಸಿನಲ್ಲಿ ನಾನು ಮಾಡಿದ್ದು ಯಾರಿಗಾದರೂ ಉಪಯೋಗಕ್ಕೆ ಬಂತೋ ಇಲ್ಲವೋ, ಅಲ್ಲಿ ಯಾರೂ ಹೇಳಿದ್ದಿಲ್ಲ.

ಹಾಗಂತ ಇದನ್ನೇ ಮಾಡಿಕೊಂಡಿರಲಾ?

ಮೇ 6, ಮಂಗಳವಾರ
ವೆಂಟಿನಲ್ಲಿ ಸ್ಟಾರ್ಲಿಂಗ್ ಗೂಡು. ಮರಿಗಳಿವೆ. 1890ರಲ್ಲಿ ಯಾರೋ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಯೂರೋಪಿನಿಂದ ತಂದು ಬಿಟ್ಟ ಹಕ್ಕಿ, ನಮ್ಮ ಗೊರವಂಕದ ಬಳಗ. ಹೊರಗಿನಿಂದ ಬಂದದ್ದಾದ್ದರಿಂದ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಇದಕ್ಕಿಲ್ಲ. ಮೂರು ವಾರ ಬಿಟ್ಟರೆ ತಾವೇ ಹಾರುತ್ತವೆ. ಮನೆಯೊಡತಿ ನರ್ಸ್, ಎರಡು ಪಾಳಿ, ಕಾಯಲಾರರು. ಡ್ರೈಯರ್ ಗ್ಯಾಸಿನದು, ಬಾಯಿ ಕಟ್ಟಿದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ. ಅವರು ಹೇಳಿದ್ದು ಸರಿ.

ಮೇಸ್ತ್ರಿ ನನ್ನನ್ನು ಚೀಲ ತರಲು ವ್ಯಾನಿಗೆ ಕಳಿಸಿದ. ಚೀಲ ಮುಂದಿನ ಸೀಟಿನಲ್ಲೇ ಇತ್ತು. ನಾನು ಹಿಂದೆಲ್ಲ ಹುಡುಕಿದೆ.

ವಾಪಸು ಬಂದಾಗ ಹೊಸ ಮುಚ್ಚಳ ಕೂರಿಸುತ್ತಿದ್ದ. ಜಾಲರಿ ಹಾಕೋಣ ಅಂದೆ. ಬೇಡ, ಅದಕ್ಕೇ ಲಿಂಟ್ ಕಟ್ಟಿಕೊಳ್ಳುತ್ತೆ, ರೆಕ್ಕೆ ಮುಚ್ಚಳವೇ ಸರಿ ಅಂದ. ಮಧ್ಯಾಹ್ನ ಇಬ್ಬರೂ ಬೇರೆ ಬೇರೆ ಕೂತು ಉಂಡೆವು.

ಮೇ 15, ಗುರುವಾರ
ರಿಕ್ರೂಟರ್ ಮೇಲ್. ಹಳೇ ಕೆಲಸವೇ, ಸಂಬಳ ಕಡಿಮೆ. ಉತ್ತರ ಬರೆದಿಲ್ಲ. ಬರೆಯಬೇಕು ಅಂತ ಇವಳು. ಬರೀತೀನಿ.

ಶನಿವಾರದ ಪಟ್ಟಿ ಬಂತು. ಎರಡನೇ ಹೆಸರು: ರಿನ್ಯೂವಬಲ್ ಮಹಾಶಯರು. "ಗೊತ್ತಿದ್ದವರಾ? ಬೇರೆ ಹುಡುಗನನ್ನ ಕಳಿಸಲಾ?" ಅಂದ ಮೇಸ್ತ್ರಿ. ನಾನು ಪಟ್ಟಿಯನ್ನೇ ನೋಡುತ್ತಿದ್ದೆ. ಮಹಡಿ ಮೇಲೆ ಲಾಂಡ್ರಿ, ಕೊಳವೆ ಸೂರಿಗೆ ಹೋಗುತ್ತೆ. ಉದ್ದದ ಏಣಿ ಹಾಕಿಕೊಳ್ಳಬೇಕು ಅಂದೆ.